ಮೂರನೇ ಪಟ್ಟಿಯ ತನಕ

ಸಿಂದಗಿಯ ನಮ್ಮ ಓಣಿಯಲ್ಲಿ ಬೇರೆಯವರು ಜೋಳದ ಚೀಲ ಒಟ್ಟುತ್ತಿದ್ದ ಪಡಸಾಲೆಯಲ್ಲಿ ನಾವು ಗಿಟಾರುಗಳನ್ನು ತೂಗುಹಾಕುತ್ತಿದ್ದೆವು. ಜಂತಿಗೆ ಸಾಲಾಗಿ ಬಡಿದ ಮೊಳೆ, ಮೊಳೆಗೆ ಸುತಳಿಯ ಕುಣಿಕೆ, ಕುಣಿಕೆಗೊಂದು ಗಿಟಾರು. ಹನ್ನೆರಡು ಹದಿನೈದಕ್ಕೆ ಎಂದೂ ಕಡಿಮೆ ಇರಲಿಲ್ಲ. ಒಂದೂ ಹೊಸದಲ್ಲ. ಯಾರೋ ಎಲ್ಲೋ ಹುರುಪಿನಿಂದ ಕೊಂಡು, ಬೆರಳು ನೊಂದ ಮೇಲೆ ಮೂಲೆಗಿಟ್ಟು, ಕೊನೆಗೆ ಬಂದಷ್ಟಕ್ಕೆ ಬಿಟ್ಟುಕೊಟ್ಟವು. ಅಪ್ಪ, ಅವ್ವ, ನಾನು ಮೂವರೂ ಅವುಗಳ ಕೆಳಗೇ ಉಂಡು ಅವುಗಳ ಕೆಳಗೇ ಮಲಗುತ್ತಿದ್ದೆವು. ರಸ್ತೆಯಲ್ಲಿ ಕಬ್ಬಿನ ಲಾರಿ ಹೋದರೆ ಗೋಡೆ ಅದುರಿ ಅಷ್ಟೂ ಗಿಟಾರುಗಳ ತಂತಿ ಒಮ್ಮೆಲೇ ಗುಂಯ್ ಅನ್ನುತ್ತಿದ್ದವು. ಮನೆಗೆ ಬಂದ ನೆಂಟರ ಮಕ್ಕಳು ಅದನ್ನು ಕೇಳಲೆಂದೇ ಲಾರಿಗಾಗಿ ಕಾಯುತ್ತಿದ್ದರು. ಅವ್ವ ಮಾತ್ರ ಜೋಳ ಹಸನು ಮಾಡುವುದನ್ನು ನಿಲ್ಲಿಸಿ ಒಮ್ಮೆ ಮೇಲೆ ನೋಡುತ್ತಿದ್ದಳು.

"ಹೆಣದ ಮುಂದ ಭಜನಿ ಕುಂತಂಗ ಆಗ್ತೈತಿ ನನಗ," ಅನ್ನುತ್ತಿದ್ದಳು.

ಅಪ್ಪ ಮೊದಲು ಸೊಲ್ಲಾಪುರದ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರು ಬಾರಿಸುತ್ತಿದ್ದ. ಮದುವೆ, ಗಣಪತಿ ಹಬ್ಬ, ಲೀಡರುಗಳ ಸತ್ಕಾರ ಅಂತ ಊರೂರು ತಿರುಗುವ ತಂಡ. ಒಂದು ವರ್ಷ ಅವರ ಮಾಲೀಕ ಕೀಬೋರ್ಡ್ ತಂದ. ಆ ಒಂದು ಪೆಟ್ಟಿಗೆ ನಾಲ್ಕು ಜನರ ಕೆಲಸ ಮಾಡತೊಡಗಿತು, ನಾಲ್ಕು ಜನ ಮನೆಗೆ ಹೋದರು. ಅಪ್ಪ ಅವರಲ್ಲಿ ಒಬ್ಬ. ಮನೆಗೆ ಬಂದವನು ಬಾರಿಸುವುದನ್ನು ಬಿಟ್ಟ, ಗಿಟಾರನ್ನು ಬಿಡಲಿಲ್ಲ. ಪರೀಕ್ಷೆ ಮುಗಿದು ಹಾಸ್ಟೆಲ್ ಖಾಲಿಯಾಗುವ ಹೊತ್ತಿಗೆ ಪುಣೆಗೆ ಹೋಗಿ, ಅಲ್ಲಿನ ಹುಡುಗರು ಬಿಟ್ಟುಹೋಗುತ್ತಿದ್ದ ಗಿಟಾರುಗಳನ್ನು ವಾಚ್‌ಮನ್‌ಗಳ ಕೈಯಿಂದ ಕೊಂಡು, ಬಸ್ಸಿನ ಮೇಲೆ ಹಾಕಿಸಿಕೊಂಡು ತರುತ್ತಿದ್ದ. ತಂದವನ್ನು ರಿಪೇರಿ ಮಾಡಿ, ಒರೆಸಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರಿಗೆ ಮಾರುತ್ತಿದ್ದ. ಖಾಸಗಿ ಶಾಲೆಯವರು, ಸಣ್ಣಪುಟ್ಟ ಆರ್ಕೆಸ್ಟ್ರಾದವರು, ಸಿನಿಮಾ ನೋಡಿ ಹುಚ್ಚು ಹಿಡಿಸಿಕೊಂಡ ಶ್ರೀಮಂತ ರೈತರ ಮಕ್ಕಳು ಬರುತ್ತಿದ್ದರು. ನನಗೆ ನೆನಪಿರುವಂತೆ ಅಪ್ಪ ತನ್ನ ಖುಷಿಗಾಗಿ ಒಂದು ದಿನವೂ ಬಾರಿಸಲಿಲ್ಲ. ಶ್ರುತಿ ಮಾಡುತ್ತಿದ್ದ, ಕಿವಿ ಕೊಟ್ಟು ಕೇಳುತ್ತಿದ್ದ, ಮೊಳೆಗೆ ತೂಗುಹಾಕುತ್ತಿದ್ದ. ಅಷ್ಟೇ.

ಅವ್ವನ ತವರು ಮುದ್ದೇಬಿಹಾಳ. ಅವಳ ತಂದೆಗೆ ಕಾಳಿನ ವ್ಯಾಪಾರ. ಅವ್ವ ಗಂಡನ ಮನೆಗೆ ಬಂದು ಎಷ್ಟೋ ವರ್ಷವಾಗಿದ್ದರೂ ವ್ಯಾಪಾರ ಅಂದರೆ ಕಾಳಿನದೇ ಅಂದುಕೊಂಡಿದ್ದಳು. ಮಳೆಗಾಲದಲ್ಲಿ ಎರಡೆರಡು ತಿಂಗಳು ಒಂದೂ ಗಿಟಾರು ಹೋಗದೆ ಇದ್ದಾಗ ಊಟದ ಹೊತ್ತಿಗೇ ಜಗಳ ಎದ್ದೇಳುತ್ತಿತ್ತು.

"ಅಲ್ರಿ, ಕಾಳ ಮಾರೋರು ಮಾರಾಟ ಆಗದ ಕಾಳ ಕುದಿಸ್ಕೊಂಡಾದ್ರೂ ತಿಂತಾರ. ಇವನ್ನ ಕುದಿಸಿದ್ರ ಬೇಯ್ತಾವೇನ?"

"ಬೇಯಂಗಿಲ್ಲ. ಸುಮ್ನ ಉಣ್ಣು," ಅನ್ನುತ್ತಿದ್ದ ಅಪ್ಪ, ತಲೆ ಎತ್ತದೆ.

ಮನೆಯ ಎಲ್ಲ ಕಟ್ಟಳೆಗಳೂ ಗಿಟಾರಿನ ಸುತ್ತ ಇದ್ದವು. ಒಗ್ಗರಣೆಯ ಹೊಗೆ ಪಾಲಿಶಿಗೆ ಹತ್ತುತ್ತದೆಂದು ಒಲೆಯನ್ನು ಹಿತ್ತಲಿಗೆ ಹಾಕಿಸಿದ್ದ. ಅವ್ವ ಬೇಸಿಗೆಯ ಬಿಸಿಲಲ್ಲಿ, ತಗಡಿನ ಚಪ್ಪರದ ಕೆಳಗೆ ಕೂತು ರೊಟ್ಟಿ ಮಾಡುತ್ತಿದ್ದಳು. ಪಡಸಾಲೆಯ ಕಿಟಕಿಗಳಿಗೆ ತೋಯಿಸಿದ ಗೋಣಿ ಕಟ್ಟುತ್ತಿದ್ದೆವು. ತಂಪು ಗಾಳಿ ಬರುತ್ತಿತ್ತು. ಅದು ನಮಗಾಗಿ ಅಲ್ಲ, ಒಣ ಹವೆಗೆ ಗಿಟಾರಿನ ಕಟ್ಟಿಗೆ ಬಿರಿಯಬಾರದೆಂದು. ಗೋಣಿ ಒಣಗಿದರೆ ಅಪ್ಪನಿಗೆ ತಿಳಿಯುತ್ತಿತ್ತು; ನನಗೆ ಜ್ವರ ಬಂದರೆ ತಿಳಿಯುತ್ತಿರಲಿಲ್ಲ. ಈ ಮಾತನ್ನು ಸಿಟ್ಟಿನಿಂದ ಬರೆಯುತ್ತಿಲ್ಲ, ಇದ್ದದ್ದೇ ಹಾಗೆ. ಮಹಾನವಮಿಯ ಖಂಡೇ ಪೂಜೆಯ ದಿನ ಎಲ್ಲವನ್ನೂ ಇಳಿಸಿ, ಒರೆಸಿ, ಗೋಡೆಗೆ ಒರಗಿಸಿ ಒಂದೊಂದಕ್ಕೂ ವಿಭೂತಿ ಹಚ್ಚುತ್ತಿದ್ದ. ಒಂದು ವರ್ಷ ನಾನು, ಇವುಗಳಲ್ಲಿ ನನ್ನದು ಯಾವುದು ಎಂದು ಕೇಳಿದೆ.

"ಎಲ್ಲಾವೂ ನಿನ್ನವ. ಮಾರೋ ತನಕ," ಅಂದ.

ನನಗೆ ಏಳೆಂಟು ವರ್ಷವಿದ್ದಾಗ ಅಪ್ಪ ನನ್ನ ಕಿವಿಯನ್ನು ಗುರುತಿಸಿದ್ದ. ಮೊಳೆಗೆ ತೂಗುಹಾಕಿದ ಗಿಟಾರುಗಳಲ್ಲಿ ಯಾವುದರ ಶ್ರುತಿ ಇಳಿದಿದೆ ಎಂದು ಲಾರಿ ಹೋದಾಗಲೇ ಹೇಳುತ್ತಿದ್ದೆ. ಅಂದಿನಿಂದ ಕಲಿಸಲು ಹಿಡಿದ. ಆದರೆ ಅವನು ಕಲಿಸಿದ್ದು ಸಂಗೀತವಲ್ಲ. ನಾಲ್ಕೈದು ಸ್ವರಮೇಳ, ಮೂರು ಹಾಡಿನ ತುಣುಕು. ಗಿರಾಕಿಯ ಮನಸ್ಸು ಕರಗುವುದಕ್ಕೆ ಎಷ್ಟು ಬೇಕೋ ಅಷ್ಟು. ಒಂದು ಹಾಡನ್ನೂ ಕೊನೆಯ ತನಕ ಕಲಿಸಲಿಲ್ಲ, ಕೊನೆಯ ತನಕ ಹೋಗುವ ಪ್ರಸಂಗವೇ ಬರುತ್ತಿರಲಿಲ್ಲ. ಎರಡು ಜಡೆ ಹಾಕಿಕೊಂಡ ಹುಡುಗಿ ತನಗಿಂತ ದೊಡ್ಡ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಬಾರಿಸುವುದನ್ನು ನೋಡಿದ ಗಿರಾಕಿ ಅರ್ಧದಲ್ಲೇ ಜೇಬಿಗೆ ಕೈ ಹಾಕುತ್ತಿದ್ದ. ಇಷ್ಟು ಸಣ್ಣ ಕೂಸು ಬಾರಿಸುವುದಾದರೆ ನಮ್ಮ ಹುಡುಗನಿಗೇನು ಕಷ್ಟ ಅಂತ ಅವರೇ ಅಂದುಕೊಳ್ಳುತ್ತಿದ್ದರು. ಅಪ್ಪ ಮಾತೇ ಆಡಬೇಕಿರಲಿಲ್ಲ.

ಬೆಲೆ ಕಟ್ಟುವುದನ್ನೂ ಕಲಿಸಿದ. ಗಿಟಾರಿನ ತಲೆಯನ್ನು ಕಣ್ಣ ಹತ್ತಿರ ಹಿಡಿದು ಕುತ್ತಿಗೆಯ ಉದ್ದಕ್ಕೂ, ಬಡಿಗೆ ನೆಟ್ಟಗಿದೆಯೋ ಇಲ್ಲವೋ ನೋಡುವಂತೆ ನೋಡಬೇಕು. ಹೊಟ್ಟೆಯ ಮೇಲೆ ಬೆರಳಿನಿಂದ ಬಡಿದು ಎಲ್ಲಿ ಬಿರುಕಿದೆ ಎಂದು ಕೇಳಬೇಕು. ತೂತಿನೊಳಗೆ ಬ್ಯಾಟರಿಯ ಬೆಳಕು ಬಿಟ್ಟು ಸಣ್ಣ ಕನ್ನಡಿಯಲ್ಲಿ ಒಳಗಿನ ಪಟ್ಟಿಗಳ ಅಂಟು ನೋಡಬೇಕು. ಇದೆಲ್ಲ ಕೊಳ್ಳುವಾಗಿನ ಮಾತು. ಮಾರುವಾಗ ಗಿಟಾರನ್ನು ನೋಡಬಾರದು, ಬಂದವರ ಚಪ್ಪಲಿ ನೋಡಬೇಕು, ಅವರ ಸಂಗಡ ಬಂದ ಮಗುವಿನ ಕಣ್ಣು ನೋಡಬೇಕು. ದೇವರ ಹಿಪ್ಪರಗಿಯ ದೊಡ್ಡ ಜಮೀನುದಾರನಿಗೂ ಇಂಡಿಯ ಮಾಸ್ತರನಿಗೂ ಒಂದೇ ಗಿಟಾರಿಗೆ ಎರಡು ಬೆಲೆ ಹೇಳಿದ್ದನ್ನು ನಾನು ಕೇಳಿದ್ದೇನೆ. ಮಾಸ್ತರನಿಗೆ ಹೇಳಿದ್ದೇ ಹೆಚ್ಚು. ಯಾಕಪ್ಪಾ ಎಂದದ್ದಕ್ಕೆ,

"ಜಮೀನದಾರ ಮತ್ತೊಂದು ಅಂಗಡಿಗಿ ಹೊಕ್ಕಾನ. ಮಾಸ್ತರ ಎಲ್ಲಿ ಹೊಕ್ಕಾನ?" ಅಂದ.

ಕಟ್ಟುವ ಕೆಲಸ ಅವ್ವನದು. ಬೇರೆ ಊರಿಗೆ ಬಸ್ಸಿನಲ್ಲಿ ಕಳಿಸಬೇಕಾದ ಗಿಟಾರನ್ನು ಅವಳು ಎದುರಿಗಿಟ್ಟುಕೊಂಡು ಕೂತರೆ ಅರ್ಧ ತಾಸು ಯಾರೂ ಮಾತಾಡಿಸುವಂತಿರಲಿಲ್ಲ. ಮೊದಲು ತಂತಿಗಳನ್ನು ಸಡಿಲಿಸುವುದು. ಬಿಗಿದು ಕಳಿಸಿದರೆ ದಾರಿಯಲ್ಲಿ ಕುತ್ತಿಗೆ ಹೋಗುತ್ತದೆ. ಆಮೇಲೆ ತೂತಿನೊಳಗೆ ಹಳೆಯ ಬಟ್ಟೆಯ ಉಂಡೆ, ಕುತ್ತಿಗೆಯ ಸುತ್ತ ಹರಿದ ಕೌದಿಯ ತುಂಡು, ತಂತಿಯ ಕೆಳಗೆ ಮಡಚಿದ ಪೇಪರು, ಹೊಟ್ಟೆಗೆ ಹೊಟ್ಟು ತುಂಬಿದ ದಿಂಬು, ಅದರ ಮೇಲೆ ಗೋಣಿ. ದಬ್ಬಣದಿಂದ ಗೋಣಿ ಹೊಲಿದು ಮುಗಿಸಿದ ಮೇಲೆ ಅದನ್ನು ನಿಲ್ಲಿಸಿ ಮೂರು ಸಲ ನೆಲಕ್ಕೆ ಕುಕ್ಕುತ್ತಿದ್ದಳು. ಒಳಗೆ ಸಪ್ಪಳ ಬಂದರೆ ಬಿಚ್ಚಿ ಮತ್ತೆ ಮೊದಲಿನಿಂದ ಕಟ್ಟಬೇಕು. ಅವಳು ಕಟ್ಟಿದ ಒಂದೂ ಒಡೆದದ್ದು ನನಗೆ ಗೊತ್ತಿಲ್ಲ. ಗಿಟಾರನ್ನು ಅಷ್ಟು ಬೈಯುತ್ತಿದ್ದ ಹೆಂಗಸು ಅಷ್ಟು ಜತನದಿಂದ ಕಟ್ಟುತ್ತಿದ್ದುದು ಏಕೆಂದು ನನಗೆ ಬಹಳ ದಿನ ತಿಳಿಯಲಿಲ್ಲ. ಈಗ ಅನ್ನಿಸುತ್ತದೆ, ಮನೆ ಬಿಟ್ಟು ಹೋಗುವ ಒಂದೊಂದು ಗಿಟಾರನ್ನೂ ಅವಳು ತಿರುಗಿ ಬರಬಾರದೆಂದು ಕಟ್ಟುತ್ತಿದ್ದಳು.

ನಾನು ಹದಿಮೂರಕ್ಕೆ ಕಾಲಿಟ್ಟ ವರ್ಷ ಕಾಫಿ ಬಣ್ಣದ ಒಂದು ಗಿಟಾರು ಬಂತು. ಅದರ ಹೊಟ್ಟೆಯ ಮೇಲೆ ಒಂದು ಗೇಣುದ್ದದ ಬಿರುಕು, ಹಿಂದೆ ಯಾರೋ ಒರಟಾಗಿ ಅಂಟಿಸಿದ್ದು ಎದ್ದು ಕಾಣುತ್ತಿತ್ತು. ಆ ಗುರುತು ನೋಡಿದ ಗಿರಾಕಿಗಳು ಅದನ್ನು ಕೈಗೆತ್ತಿಕೊಳ್ಳುತ್ತಲೇ ಇರಲಿಲ್ಲ. ಆದರೆ ಅದರ ದನಿ ಬೇರೆ ಯಾವುದಕ್ಕೂ ಇರಲಿಲ್ಲ. ದಪ್ಪ ತಂತಿಗಳನ್ನು ಮೀಟಿದರೆ ದನಿ ಎದೆಗೆ ತಾಗಿ, ಕೈ ತೆಗೆದ ಮೇಲೂ ಅಲ್ಲೇ ನಿಲ್ಲುತ್ತಿತ್ತು. ಶಾಲೆಯಿಂದ ಬಂದವಳೇ ಕೈಕಾಲು ತೊಳೆಯದೆ ಅದನ್ನು ಇಳಿಸಿಕೊಳ್ಳುತ್ತಿದ್ದೆ. ಅಪ್ಪ ಕಲಿಸಿದ ಮೂರು ತುಣುಕುಗಳು ಅದರ ಮೇಲೆ ತುಣುಕಾಗಿ ಉಳಿಯಲಿಲ್ಲ. ಮುಂದಿನದನ್ನು ನಾನೇ ಹುಡುಕಿಕೊಂಡೆ, ತಪ್ಪಿದೆ, ಮತ್ತೆ ಹುಡುಕಿದೆ. ಬಾರಿಸುವುದು ಅಂದರೆ ಏನೆಂದು ನನಗೆ ಆ ಗಿಟಾರಿನಿಂದ ತಿಳಿಯಿತು. ಅದು ನನ್ನದಾಗಬೇಕು ಅನ್ನಿಸಿತು. ಮಾರೋ ತನಕ ಅಲ್ಲ, ಸಾಯೋ ತನಕ.

ಅಪ್ಪ ಇದನ್ನು ಗಮನಿಸಿಯೇ ಇದ್ದ. ಗಿರಾಕಿಗಳ ಕಣ್ಣು ಓದುವವನಿಗೆ ಮಗಳ ಕಣ್ಣು ಓದುವುದು ಏನು ಕಷ್ಟ. ಹತ್ತಿ ಬಿಡಿಸುವ ದಿನಗಳು ಮುಗಿಯುತ್ತ ಬಂದಿದ್ದವು. ಒಂದು ಭಾನುವಾರ ಮುಂಜಾನೆ ನಾನು ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದಾಗ ಅವನು ಮೊಳೆಯಿಂದ ಒಂದು ಹಳದಿ ಗಿಟಾರು ಇಳಿಸಿದ. ಅದರ ಕತೆ ನನಗೆ ಗೊತ್ತಿತ್ತು. ಕುತ್ತಿಗೆ ಹೊಟ್ಟೆಗೆ ಕೂಡುವ ಜಾಗದಲ್ಲಿ ಬೆಸುಗೆ ಬಿಟ್ಟು ಎದ್ದಿತ್ತು. ಅಪ್ಪ ಸಂದಿಯಲ್ಲಿ ಅಂಟು ಸುರಿದು, ಹಗ್ಗದಿಂದ ಬಿಗಿದು, ಎರಡು ದಿನ ಬಿಟ್ಟು ಮೇಲೆ ಪಾಲಿಶು ಹೊಡೆದಿದ್ದ. ನೋಡಲು ಚೆನ್ನಾಗಿ ಹೊಳೆಯುತ್ತಿತ್ತು. ಆದರೆ ಅಂಟು ನಿಲ್ಲುವಂಥದ್ದಲ್ಲ. ಕುತ್ತಿಗೆಯ ಮೇಲೆ ಬೆರಳಿಡುವ ಜಾಗವನ್ನು ಹಿತ್ತಾಳೆಯ ಅಡ್ಡಪಟ್ಟಿಗಳು ಮನೆಮನೆಯಾಗಿ ಭಾಗ ಮಾಡುತ್ತವಲ್ಲ, ತಲೆಯ ಕಡೆಯಿಂದ ಮೂರನೇ ಪಟ್ಟಿಯ ತನಕ ಬಾರಿಸಿದರೆ ಏನೂ ತಿಳಿಯುತ್ತಿರಲಿಲ್ಲ. ಅದನ್ನು ದಾಟಿ ಕೆಳಗೆ ಬಂದರೆ ತಂತಿ ಎತ್ತರವಾಗಿ ಬೆರಳಿಗೆ ಸಿಗುತ್ತಿರಲಿಲ್ಲ, ಸಿಕ್ಕರೆ ಸ್ವರ ಒಡೆದು ಬರುತ್ತಿತ್ತು.

"ಗೊಳಸಂಗಿಯಿಂದ ಗಿರಾಕಿ ಬರ್ತಾರ ಇವತ್ತ," ಅಂದ ಅಪ್ಪ. "ಇದನ್ನ ಅವರಿಗಿ ತೋರ್ಸು. ಮೂರನೇ ಪಟ್ಟಿ ದಾಟಬ್ಯಾಡ."

ನಾನು ರೊಟ್ಟಿ ತಿನ್ನುವುದನ್ನು ನಿಲ್ಲಿಸಿದೆ.

"ಇದ ಹೋತಂದ್ರ, ಆ ಕಾಫಿ ಬಣ್ಣದ್ದು ನಿಂದು. ಮತ್ತ ಮೊಳಿಗಿ ಹಾಕಂಗಿಲ್ಲ."

ತಲೆ ಆಡಿಸಿದೆನೋ ಇಲ್ಲವೋ ನೆನಪಿಲ್ಲ. ಉಳಿದ ರೊಟ್ಟಿಯನ್ನು ತಿಂದೆ ಎನ್ನುವುದು ನೆನಪಿದೆ.

ಹತ್ತು ಗಂಟೆಯ ಬಸ್ಸಿಗೆ ಅವರು ಬಂದರು. ತಾಯಿ ದುರ್ಗವ್ವ, ಕೂಲಿ ಮಾಡುವವಳು. ಹತ್ತಿ ಬಿಡಿಸಿ ಬಿಡಿಸಿ ಬೆರಳ ತುದಿಗಳೆಲ್ಲ ಸೀಳಿದ್ದವು. ಮಗಳು ಸುಜಾತಾ, ನನಗಿಂತ ಎರಡು ವರ್ಷ ಚಿಕ್ಕವಳು, ಶಾಲೆಯ ಸಮವಸ್ತ್ರದಲ್ಲೇ ಬಂದಿದ್ದಳು, ಭಾನುವಾರವಾಗಿದ್ದರೂ. ಅವರ ಓಣಿಯ ಬುದ್ಧವಿಹಾರದಲ್ಲಿ ಆ ಹುಡುಗಿ ಹಾಡುತ್ತಿದ್ದಳಂತೆ. ಜಯಂತಿಗೆ ಬಂದಿದ್ದ ಹಾಡುಗಾರರೊಬ್ಬರು ತಮ್ಮ ಗಿಟಾರನ್ನು ಅವಳ ಕೈಗೆ ಕೊಟ್ಟು, ಈ ಹುಡುಗಿಗೆ ಒಂದು ಕೊಡಿಸಿರಿ ಎಂದು ಹೇಳಿ ಹೋಗಿದ್ದರಂತೆ. ಆ ಮಾತನ್ನು ತಾಯಿ ಎರಡು ವರ್ಷ ಸೆರಗಿಗೆ ಕಟ್ಟಿಕೊಂಡು ದುಡಿದಿದ್ದಳು. ಇಬ್ಬರೂ ಹೊಸ್ತಿಲ ಹೊರಗೇ ನಿಂತಿದ್ದರು. ಅಪ್ಪ ಒಳಗೆ ಬರ್ರಿ ಎಂದು ಎರಡು ಸಲ ಕರೆದ. ಮಾರುವ ಹೊತ್ತಿಗೆ ಅವನು ಎಲ್ಲರನ್ನೂ ಒಳಗೆ ಕರೆಯುತ್ತಿದ್ದ. ಅವ್ವ ಚಹಾ ಮಾಡಿದಳು. ಕಿಟಕಿಯ ಗೂಡಿನಲ್ಲಿ ಬೋರಲು ಹಾಕಿಟ್ಟಿದ್ದ ಎರಡು ಬೇರೆ ಲೋಟಗಳಲ್ಲಿ ಕೊಟ್ಟಳು. ದುರ್ಗವ್ವ ಕುಡಿದು, ಯಾರೂ ಹೇಳದೆ ಲೋಟಗಳನ್ನು ತಾನೇ ತೊಳೆದು ಮತ್ತೆ ಗೂಡಿನಲ್ಲೇ ಬೋರಲು ಹಾಕಿದಳು. ಅದು ನಮ್ಮ ಮನೆಯಲ್ಲಿ ಯಾರ ಕಣ್ಣಿಗೂ ಬೀಳುವ ಸಂಗತಿಯಾಗಿರಲಿಲ್ಲ. ನನ್ನ ಕಣ್ಣಿಗೂ ಆಗ ಬೀಳಲಿಲ್ಲ.

ನಾನು ಹಳದಿ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡೆ. ಅಪ್ಪ ಶ್ರುತಿಯನ್ನು ಒಂದು ಸ್ವರದಷ್ಟು ಇಳಿಸಿದ್ದ, ತಂತಿಯ ಜಗ್ಗಾಟ ಕಡಿಮೆಯಾಗಿ ಅಂಟು ತಾಳಲೆಂದು. ಮೂರನೇ ಪಟ್ಟಿಯ ತನಕ ನಾನು ಆ ದಿನ ಬಾರಿಸಿದಷ್ಟು ಚೆನ್ನಾಗಿ ಮತ್ತೆಂದೂ ಬಾರಿಸಿಲ್ಲ. ಕಾಫಿ ಬಣ್ಣದ ಗಿಟಾರಿನಿಂದ ಕಲಿತದ್ದೆಲ್ಲ ಇದರ ಮೇಲೆ ಹಾಕಿದೆ. ದುರ್ಗವ್ವ ಬಾಯಿಗೆ ಸೆರಗು ಹಿಡಿದುಕೊಂಡು ಕೇಳಿದಳು. ಸುಜಾತಾ ಹತ್ತಿರ ಬಂದು ಮಂಡಿಯೂರಿ ಕೂತು ನನ್ನ ಎಡಗೈಯನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ, ಬಹಳ ಮೆಲ್ಲಗೆ ಕೇಳಿದಳು.

"ಅಕ್ಕಾ, ಕೆಳಗಿನ ಪಟ್ಟಿಗೋಳ ಮ್ಯಾಲೂ ಬಾರಸ್ತಾರಲ್ರಿ? ಜಯಂತಿಗಿ ಬಂದವರು ಬಾರಿಸಿದ್ರು."

ಅಪ್ಪ ಬಾಯಿ ತೆರೆದಿದ್ದ. ಅವನಿಗಿಂತ ಮೊದಲೇ ನಾನು ಮಾತಾಡಿದೆ.

"ಹೊಸಾದಾಗಿ ಕಲಿಯೋರಿಗಿ ಇಷ್ಟ ಸಾಕು. ಕೆಳಗಿಂದು ಎರಡು ವರ್ಷ ಆದಮ್ಯಾಲೆ. ಈಗ ಅಲ್ಲಿ ಕೈ ಹಾಕಿದ್ರ ತಂತಿ ಹರಿತಾವ."

ಈ ಮಾತನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಬಾಯಿಂದ ತಾನಾಗಿ, ಸರಾಗವಾಗಿ ಬಂತು. ಸುಜಾತಾ ತಲೆ ಆಡಿಸಿದಳು, ದೊಡ್ಡದೊಂದು ಗುಟ್ಟು ತಿಳಿದವಳ ಹಾಗೆ. ಅಪ್ಪ ನನ್ನ ಕಡೆ ನೋಡಿದ. ನನ್ನ ಜೀವನದಲ್ಲಿ ಅವನು ನನ್ನನ್ನು ಅಷ್ಟು ಹೆಮ್ಮೆಯಿಂದ ನೋಡಿದ್ದು ಅದೊಂದೇ ಸಲ. ನನಗೆ ಸಂತೋಷವಾಯಿತು. ಅದನ್ನು ಮುಚ್ಚಿಟ್ಟರೆ ಈ ಅಧ್ಯಾಯ ಬರೆಯುವುದರಲ್ಲಿ ಅರ್ಥವಿಲ್ಲ. ನಾಚಿಕೆ ಅಲ್ಲ, ಭಯ ಅಲ್ಲ, ಸಂತೋಷ. ಅವರು ಬಸ್ಸಿನಲ್ಲಿ ಸಂಗಡವೇ ಒಯ್ಯುವವರಿದ್ದರೂ ಅವ್ವ ಅದಕ್ಕೊಂದು ಹಳೆಯ ಕೌದಿ ಸುತ್ತಿ ಕೊಟ್ಟಳು. ಸುಜಾತಾ ಅದನ್ನು ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಓಣಿ ದಾಟಿದಳು.

ಅಪ್ಪ ಮಾತು ಉಳಿಸಿಕೊಂಡ. ಕಾಫಿ ಬಣ್ಣದ ಗಿಟಾರಿನ ಮೊಳೆಯನ್ನೇ ಕಿತ್ತು ಹಾಕಿದ. ನಾನು ಅದನ್ನು ನನ್ನ ಹಾಸಿಗೆಯ ಬದಿಗೆ, ಟ್ರಂಕಿನ ಮೇಲೆ ಇಡತೊಡಗಿದೆ. ಮುಂದಿನ ನಾಲ್ಕು ತಿಂಗಳು ನನ್ನ ಬಾಲ್ಯದಲ್ಲಿ ನಾನು ಏನನ್ನಾದರೂ ನನ್ನದು ಎಂದು ಕರೆದ ದಿನಗಳು. ಶಾಲೆಯಲ್ಲಿ ಲೆಕ್ಕ ಬಿಡಿಸುವಾಗಲೂ ಎಡಗೈ ಬೆಂಚಿನ ಅಂಚಿನ ಮೇಲೆ ಸ್ವರ ಹುಡುಕುತ್ತಿತ್ತು. ಅವ್ವ ಕೂಡ ಹಿತ್ತಲಲ್ಲಿ ರೊಟ್ಟಿ ಮಾಡುತ್ತ, ಕೈ ನಿಲ್ಲಿಸಿ, ಅದ ಮತ್ತೊಮ್ಮೆ ಬಾರ್ಸು ಎಂದು ಎರಡು ಸಲ ಹೇಳಿದ್ದುಂಟು.

ಬೇಸಿಗೆ ರಜೆ. ಬಿಸಿಲು ಕಣ್ಣು ಬಿಡಲು ಕೊಡುತ್ತಿರಲಿಲ್ಲ. ಮಧ್ಯಾಹ್ನ ನಾನು ಪಡಸಾಲೆಯಲ್ಲಿ ನನ್ನ ಗಿಟಾರು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಬಾಗಿಲಲ್ಲಿ ದುರ್ಗವ್ವ, ಸುಜಾತಾ ನಿಂತಿದ್ದರು. ಕೌದಿ ಬಿಚ್ಚಿದರು. ಹಳದಿ ಗಿಟಾರಿನ ಕುತ್ತಿಗೆ ಬುಡದಿಂದ ಎದ್ದು, ತಂತಿಗಳ ಹಿಡಿತದಲ್ಲಿ ಮುಂದಕ್ಕೆ ಬಾಗಿತ್ತು. ಸಂದಿಯಲ್ಲಿ ಒಣಗಿದ ಅಂಟು ಹಳದಿಯಾಗಿ ಕಾಣುತ್ತಿತ್ತು. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿದ, ಮೊದಲ ಸಲ ನೋಡುವವನಂತೆ.

"ಬಿಸಲಾಗ ಇಟ್ಟೀರಿ," ಅಂದ.

"ಇಲ್ಲ ಅಣ್ಣಾರ. ಇದನ್ನ ಬಿಸಲಾಗ ಇಡೂದಿರ್ಲಿ, ಹುಡುಗಿ ಇದರ ಮ್ಯಾಲ ನನ್ನ ಸೀರಿ ಹೊಚ್ಚತಿತ್ತು."

"ಮತ್ತ ಕೆಳಗ ಬಿದ್ದಿರಬೇಕು."

"ಬಿದ್ದಿಲ್ರಿ." ದುರ್ಗವ್ವನ ದನಿ ಏರಲಿಲ್ಲ. "ಒಳಗ ಅಂಟ ಹಚ್ಚೀರಿ. ನಾವು ಕೂಲಿ ಮಂದಿ ಖರೆ, ಅಂಟು ಗುರ್ತ ಸಿಗೂದಿಲ್ಲೇನ ನಮಗ?"

"ಒಂದ್ ಸಲ ಮಾರಿದ್ದು ಹೊಳ್ಳಿ ತಗೊಳ್ಳೂದಿಲ್ಲ. ಎಲ್ಲಾರಿಗೂ ಇದ ಮಾತ ಹೇಳೂದು," ಅಂದ ಅಪ್ಪ. ಹಾಗೆ ಹೇಳಿ ಹಿತ್ತಲು ಹಾದು ಹೊರಗೆ ಹೊರಟುಹೋದ.

ಸುಜಾತಾ ಅಪ್ಪನನ್ನು ನೋಡಲೇ ಇಲ್ಲ. ಬಂದಾಗಿನಿಂದ ನನ್ನನ್ನೇ ನೋಡುತ್ತಿದ್ದಳು.

"ಅಕ್ಕಾ, ನೀವು ಹೇಳಿದಂಗ ನಾ ಕೆಳಗ ಕೈ ಹಾಕಿಲ್ರಿ. ಮೂರ ಪಟ್ಟಿ ಅಷ್ಟ ಬಾರ್ಸೇನಿ."

ಆಗ ಅವ್ವ ಹಿತ್ತಲ ಬಾಗಿಲಿಗೆ ಬಂದಳು. ಕೈಯ ಹಿಟ್ಟನ್ನು ಸೀರೆಗೆ ಒರೆಸಿಕೊಂಡು ಮುರಿದ ಗಿಟಾರನ್ನು ನೋಡಿದಳು, ಆ ಹುಡುಗಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ಶೈಲಾ, ನಿನ್ನ ಕೈಯಾಗಿಂದು ಆಕಿಗಿ ಕೊಡು. ನಿಮ್ಮಪ್ಪಗ ನಾ ಹೇಳ್ತೇನಿ."

ಅಪ್ಪ ಅಲ್ಲಿರಲಿಲ್ಲ. ಊಟದ ಹೊತ್ತಿಗೆ ಗೊಣಗುತ್ತಿದ್ದರೂ ಅವ್ವ ಎಂದೂ ಯಾವುದಕ್ಕೂ ಅಪ್ಪನ ಎದುರು ನಿಲ್ಲುತ್ತೇನೆ ಎಂದವಳಲ್ಲ, ಅಂದು ಅಂದಿದ್ದಳು. ಕೊಡಬೇಕಾದದ್ದು ನ್ಯಾಯವೆಂದು ನನಗೆ ತಿಳಿದಿತ್ತು. ಹದಿಮೂರು ವರ್ಷದವಳಿಗೆ ಅಷ್ಟು ತಿಳಿಯುವುದಿಲ್ಲವೆಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ನಾನು ಗಿಟಾರನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ. ಅದರ ಅಂಚು ಪಕ್ಕೆಗೆ ಒತ್ತಿ ನೋಯುತ್ತಿತ್ತು.

"ಇದ ನಂದು," ಅಂದೆ.

ಅವ್ವ ತಿರುಗಿ ಒಲೆಯ ಹತ್ತಿರ ಹೋದಳು. ದುರ್ಗವ್ವ ಮಗಳ ರಟ್ಟೆ ಹಿಡಿದು, ನಡಿ ಬೇ, ಬಸ್ ಹೋಗತೈತಿ ಎಂದಳು. ಸುಜಾತಾ ಮುರಿದ ಗಿಟಾರನ್ನು ಬಿಟ್ಟುಹೋಗಲಿಲ್ಲ. ಅದೇ ಕೌದಿಯಲ್ಲಿ ಸುತ್ತಿ, ಜೋತಾಡುವ ಕುತ್ತಿಗೆಗೆ ಅಂಗೈ ಕೊಟ್ಟುಕೊಂಡು ನಡೆದಳು. ಅವರು ಹೋದ ಮೇಲೆ ನಾನು ಬಾರಿಸಲು ನೋಡಿದೆ. ಬೆರಳು ಸರಿಯಾದ ಜಾಗದಲ್ಲೇ ಬಿದ್ದವು, ಸ್ವರ ಸರಿಯಾಗಿಯೇ ಬಂತು. ಗಿಟಾರು ಮುನಿಸಿಕೊಳ್ಳುತ್ತದೆ, ದನಿ ಕೆಡುತ್ತದೆ ಅನ್ನುವುದೆಲ್ಲ ಸುಳ್ಳು. ಅದು ಮೊದಲಿನಷ್ಟೇ ಇಂಪಾಗಿತ್ತು. ನಾನು ಅಂದೂ ಬಾರಿಸಿದೆ, ಮರುದಿನವೂ ಬಾರಿಸಿದೆ. ಅವ್ವ ಮಾತ್ರ ಮತ್ತೊಮ್ಮೆ ಬಾರ್ಸು ಅನ್ನುವುದನ್ನು ಬಿಟ್ಟಳು.

ಶಾಲೆ ಶುರುವಾದ ಎರಡನೇ ವಾರ. ಸಂಜೆ ಮನೆಗೆ ಬಂದಾಗ ಟ್ರಂಕಿನ ಮೇಲೆ ನನ್ನ ಗಿಟಾರು ಇರಲಿಲ್ಲ. ಪಡಸಾಲೆಯ ನೆಲದ ಮೇಲೆ ಹೊಟ್ಟು ಚೆಲ್ಲಿತ್ತು, ಸುತಳಿಯ ತುಂಡುಗಳು ಬಿದ್ದಿದ್ದವು. ಯಾರೋ ಕಲಬುರಗಿಯ ಕಾಲೇಜಿನ ಲೆಕ್ಚರರು ಬಂದಿದ್ದರಂತೆ. ಮೊಳೆಯ ಮೇಲಿನದು ಒಂದೂ ಹಿಡಿಸಲಿಲ್ಲವಂತೆ. ಟ್ರಂಕಿನ ಮೇಲಿನದನ್ನು ಕಂಡು, ಎತ್ತಿಕೊಂಡು, ಕಣ್ಣು ಮುಚ್ಚಿ ಒಂದು ಸಲ ಮೀಟಿ, ಇದಕ್ಕೆಷ್ಟು ಅಂದರಂತೆ. ಅಪ್ಪ ಅವರ ಚಪ್ಪಲಿ ನೋಡಿರಬೇಕು. ಅವರು ಅವಸರದಲ್ಲಿದ್ದರು, ಬಸ್ಸಿನಲ್ಲಿ ಹಾಕಿ ಕಳಿಸಿರಿ ಎಂದು ವಿಳಾಸ ಕೊಟ್ಟು ಹೋಗಿದ್ದರು. ನಾನು ಬರುವ ಹೊತ್ತಿಗೆ ಬಸ್ಸು ಬಿಟ್ಟು ಒಂದು ತಾಸಾಗಿತ್ತು.

"ಮತ್ತೊಂದು ಬರ್ತೈತಿ ತಗೋ. ಅದಕ್ಕಿಂತ ಚೊಲೊ ಬರ್ತೈತಿ," ಅಂದ ಅಪ್ಪ. ಅಂಗಿಯ ತೋಳು ಮಡಚುತ್ತ, ನಿಜಕ್ಕೂ ಸಮಾಧಾನ ಮಾಡುವವನಂತೆ ಅಂದ. ಅವನಿಗೆ ತಾನು ತಪ್ಪು ಮಾಡಿದ್ದೇನೆ ಅನ್ನಿಸಿರಲೇ ಇಲ್ಲ. ಅವನ ಕೈಯಿಂದಲೂ ಆರ್ಕೆಸ್ಟ್ರಾದ ಮಾಲೀಕ ಹಾಗೆಯೇ ಗಿಟಾರು ಬಿಡಿಸಿದ್ದ. ಅದೇ ಲೋಕದ ರೀತಿ ಎಂದು ತಿಳಿದಿದ್ದ ಅಂತ ಈಗ ಅವನ ಪರವಾಗಿ ಯೋಚಿಸಬಲ್ಲೆ. ಕ್ಷಮಿಸಲು ಆಗುವುದಿಲ್ಲ.

ನಾನು ಹಿತ್ತಲಿಗೆ ಹೋದೆ. ಅವ್ವ ಪುಂಡಿಪಲ್ಯ ಸೋಸುತ್ತಿದ್ದಳು.

"ನೀನ ಕಟ್ಟಿದಿ ಹೌದಿಲ್ಲೊ?"

"ಮತ್ಯಾರ ಕಟ್ಟತಾರ ಈ ಮನ್ಯಾಗ."

"ಅದು ನಂದಂತ ನಿನಗ ಗೊತ್ತಿದ್ದಿಲ್ಲೇನ?"

ಅವ್ವ ಸೊಪ್ಪನ್ನು ಬುಟ್ಟಿಯಲ್ಲಿ ಇಟ್ಟು ನನ್ನ ಮುಖ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಇಷ್ಟು ವರ್ಷದಲ್ಲಿ ಮರೆತಿರುತ್ತಿದ್ದೆ.

"ಅವತ್ತ ಆ ಕೂಸಿನ ಕೈಯಾಗ ಕೊಟ್ಟಿದ್ರ, ನಿನ್ನ ಸಲುವಾಗಿ ನಾ ನಿಮ್ಮಪ್ಪನ ಕೂಡ ಜಗಳಾಡಿ ಹೊಸಾದ ತರಸ್ತಿದ್ದೆ. ನೀ ಕೊಡ್ಲಿಲ್ಲ. ಅವನ ಮಗಳ ಆದಿ. ಅಪ್ಪಾ ಮಗಳ ನಡಕ ನಾ ಯಾಕ ಬರ್ಲಿ?"

ಆಮೇಲೆ ಅವಳು ಸೊಪ್ಪು ಸೋಸುವುದನ್ನು ಮುಂದುವರಿಸಿದಳು. ನಾನು ಅಲ್ಲೇ ನಿಂತಿದ್ದೆ. ಬುಟ್ಟಿ ತುಂಬಿದ ಮೇಲೆ ಅವಳೇ, ಕೈಕಾಲು ತೊಳ್ಕೊ, ಉಣ್ಣೂವಂತಿ ಅಂದಳು. ನಾನು ತೊಳೆದುಕೊಂಡೆ, ಉಂಡೆ. ನಮ್ಮ ಮನೆಯಲ್ಲಿ ಎಲ್ಲ ಜಗಳಗಳೂ ಹೀಗೇ ಊಟದಲ್ಲಿ ಮುಗಿಯುತ್ತಿದ್ದವು. ಇದು ಮುಗಿಯಲಿಲ್ಲ. ನಾನೂ ಅವ್ವನೂ ಆ ಗಿಟಾರಿನ ಮಾತನ್ನು ಮತ್ತೆ ಆಡಲಿಲ್ಲ, ಅವಳು ಸಾಯುವ ತನಕ. ಮುಂದಿನ ಗಿರಾಕಿ ಬಂದಾಗ ಅಪ್ಪ ಕರೆದ, ನಾನು ಹೋಗಿ ಬಾರಿಸಿದೆ. ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಬಾರಿಸಿದೆ. ಒಮ್ಮೆಯೂ ಒಲ್ಲೆ ಎನ್ನಲಿಲ್ಲ. ಓದಲು ವಿಜಯಪುರದ ಹಾಸ್ಟೆಲಿಗೆ ಹೋದ ದಿನ ಗಿಟಾರು ಮುಟ್ಟುವುದನ್ನು ಬಿಟ್ಟೆ, ಅಪ್ಪ ಬಿಟ್ಟ ಹಾಗೆಯೇ. ಫೋನಿನಲ್ಲಿ ಫೋಟೋ ನೋಡಿ ಹಳೆಯ ಸಾಮಾನು ಕೊಳ್ಳುವ ಕಾಲ ಬಂದ ಮೇಲೆ ಅಪ್ಪನ ವ್ಯಾಪಾರ ನಿಂತಿತು. ಕೊನೆಯ ಏಳೆಂಟು ಗಿಟಾರುಗಳನ್ನು ಯಾರಿಗೋ ಒಟ್ಟಿಗೆ ಕೊಟ್ಟುಬಿಟ್ಟ. ಅವನು ಹೋಗಿಯೂ ಈಗ ಬಹಳ ದಿನವಾಯಿತು.

ನಾನು ಬಸವನ ಬಾಗೇವಾಡಿ ತಾಲೂಕಿನ ಒಂದು ಸರಕಾರಿ ಶಾಲೆಯಲ್ಲಿ ಟೀಚರ್ ಆಗಿದ್ದೇನೆ. ಈಚೆಗೆ ಮನೆಮನೆ ಸಮೀಕ್ಷೆಯ ಕೆಲಸ ಬಿದ್ದಾಗ ನನ್ನ ಯಾದಿಯಲ್ಲಿ ಗೊಳಸಂಗಿಯ ಒಂದು ಓಣಿ ಇತ್ತು. ಬುದ್ಧವಿಹಾರದ ಹಿಂದಿನ ಮೂರನೆಯ ಮನೆಯ ಕಟ್ಟೆಯ ಮೇಲೆ ಕೂತಿದ್ದ ಮುದುಕಿಯ ಹೆಸರು ಕೇಳಿದೆ. ದುರ್ಗವ್ವ ಅಂದಳು. ನಾನು ಫೋನಿನಲ್ಲಿ ಬರೆಯುತ್ತಿದ್ದವಳು ಅಲ್ಲೇ ನಿಂತೆ. ಅವಳು ನನ್ನನ್ನು ಗುರುತಿಸಲಿಲ್ಲ. ಗುರುತಿಸುವುದಕ್ಕೆ ಏನೂ ಉಳಿದಿರಲೂ ಇಲ್ಲ. ಎರಡು ಜಡೆಯ ಹುಡುಗಿಗೆ ತಲೆ ನರೆತಿತ್ತು, ಕನ್ನಡಕ ಬಂದಿತ್ತು. ಒಳಗೆ ಬರ್ರಿ ಅಕ್ಕೋರ ಎಂದು ಕರೆದು, ಚಾಪೆ ಹಾಸಿ, ಸೊಸೆಯ ಕೈಯಿಂದ ಚಹಾ ಕೊಡಿಸಿದಳು. ಮನೆಯವರೆಲ್ಲರ ಹೆಸರು ಬರೆದಾದ ಮೇಲೆ ಕೇಳಿದೆ.

"ಹೆಣ್ಣಮಕ್ಕಳು?"

"ಒಬ್ಬಾಕಿ ಅದಾಳ್ರಿ, ಸುಜಾತಾ. ಕೊಟ್ಟ ಮನಿ ಸೊಲ್ಲಾಪುರ. ಆಕಿ ಹೆಸರ ಇಲ್ಲಿ ಬರೂದಿಲ್ಲಲ್ರಿ?"

"ಇಲ್ಲ, ಬರೂದಿಲ್ಲ. ಈಗೂ ಹಾಡ್ತಾರೇನ್ರಿ ಅವರು?"

ಮಾತು ಜಾರಿಬಿಟ್ಟಿತ್ತು. ಮುದುಕಿ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು.

"ಆಕಿ ಹಾಡ್ತಿದ್ಳಂತ ನಿಮಗ ಯಾರ ಹೇಳಿದ್ರು?"

"ಊರಾಗ ಯಾರೋ ಅಂದ್ರು," ಅಂದೆ.

"ಹಾಡ್ತಿದ್ಳರಿ. ಬಾಳ ಚೊಲೊ ಹಾಡ್ತಿದ್ಳು. ಸಣ್ಣಾಕಿದ್ದಾಗ ಗಿಟಾರ ಒಂದ ಕೊಡ್ಸಿದ್ದೆ. ಸಿಂದಗ್ಯಾಗ ಒಬ್ಬಾಂವ ಮುರದಿದ್ದು ಅಂಟಿಸಿ ಕೊಟ್ಟು ಮೋಸ ಮಾಡಿದ. ಅವತ್ತ ಬಸ್ಸಿನಾಗ ಬಂದಾಕಿ ಮತ್ತ ಬಾಯಿ ತೆರೀಲಿಲ್ಲ. ಹಾಡಂದ್ರ ಎದ್ದ ಹೋಗ್ತಿದ್ಳು." ಚಹಾದ ಲೋಟ ನನ್ನ ಕಡೆ ಸರಿಸಿ ಮತ್ತೆ ಹೇಳಿದಳು. "ಅವನ ಮಗಳೊಬ್ಬಾಕಿ ಇದ್ಳರಿ. ಆಕಿನ ಬಾರಿಸಿ ತೋರಿಸಿದ್ದು. ನಮ್ಮ ಸುಜಾತಾಗ ಅವನ ಮ್ಯಾಲ ಇರಲಾರದ ಸಿಟ್ಟ ಆಕಿ ಮ್ಯಾಲ. ನಾನ ಹೇಳ್ದೆ, ಆಕಿಗಿ ಬೈಬ್ಯಾಡ ಬೇ. ಅದೂ ನಿನ್ನಂಗ ಕೂಸ. ಅಪ್ಪ ಬಾರ್ಸಂದ, ಬಾರಿಸ್ತು. ಅದಕ್ಕೇನ ಗೊತ್ತಿತ್ತು, ಪಾಪ."

ಸೊಸೆ ಬಾಗಿಲಲ್ಲಿ ನಿಂತು ನಾನು ಏನಾದರೂ ಹೇಳುತ್ತೇನೆಂದು ಕಾಯುತ್ತಿದ್ದಳು. ದುರ್ಗವ್ವನೂ ಕಾಯುತ್ತಿದ್ದಳು. ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ನನಗೆ ಮತ್ತೆ ಸಿಗುವುದಿಲ್ಲವೆಂದು ಅಲ್ಲೇ ತಿಳಿದಿತ್ತು.

"ಹೌದ್ರಿ," ಅಂದೆ, "ಪಾಪ, ಅದಕ್ಕೇನ ಗೊತ್ತಿತ್ತು."

ಆಮೇಲೆ ಮುಂದಿನ ಪ್ರಶ್ನೆ ಕೇಳಿದೆ, ಮನೆಗೆ ನಳದ ನೀರು ಬರುತ್ತದೆಯೇ ಎಂದು.